ಸೋಮವಾರದ ನೀರು

ಹ್ಯಾಡ್ಲಿ ಊರಿನ ನಗರಸಭೆ ಅಗ್ನಿಶಾಮಕ ಠಾಣೆಯ ಮೇಲಿನ ಕೋಣೆಯಲ್ಲಿ ಸೇರುತ್ತಿತ್ತು. ಕಿಟಕಿ ತೆರೆದರೆ ಕೆಳಗಿನಿಂದ ಪೆಟ್ರೋಲ್ ವಾಸನೆ, ಮುಚ್ಚಿದರೆ ಮೇಯರ್ ಎಮರಿ ಸ್ಟೋಲ್ಟ್ಸ್‌ನ ಚುರುಟಿನ ವಾಸನೆ. ಕಾನ್ಸಾಸ್‌ನ ಜೂನ್ ಸೆಕೆಯಲ್ಲಿ ಎಲ್ಲರೂ ಪೆಟ್ರೋಲನ್ನೇ ಆರಿಸಿಕೊಂಡಿದ್ದರು. ಸದಸ್ಯರ ಕುರ್ಚಿಗಳಲ್ಲಿ ಎರಡು ಖಾಲಿ. ಒಬ್ಬ ನೌಕಾಪಡೆ ಸೇರಿದ್ದ. ಇನ್ನೊಬ್ಬ ಗೋಧಿ ಕೊಯ್ಲಿಗೆ ಆಳು ಸಿಗದೆ ತಾನೇ ಹೊಲಕ್ಕಿಳಿದಿದ್ದ. ಹೀಗಾಗಿ ಎರಡನೇ ಮಹಾಯುದ್ಧ ಶುರುವಾದ ಮೇಲೆ ಊರಿನ ಆಡಳಿತ ಮೂರೇ ಜನರ ಕೈಗೆ ಬಂದಿತ್ತು: ಮರದ ವ್ಯಾಪಾರಿ ಮೇಯರ್ ಸ್ಟೋಲ್ಟ್ಸ್, ಮಾಂಸದಂಗಡಿಯ ಡೆಲ್ಬರ್ಟ್ ಹಫ್, ಔಷಧಿ ಅಂಗಡಿಯ ಲಾಯ್ಡ್ ಪೆಂಡರ್. ಇವರು ಆಡಿದ್ದನ್ನು ಬರೆದುಕೊಳ್ಳಲು, ಬರೆಯಬಾರದ್ದನ್ನು ಬಿಡಲು ಗುಮಾಸ್ತೆ ಮಿಸ್ ಆಗ್ನೆಸ್ ಟಟಲ್.

ಮೊದಲು, ಶತ್ರು ವಿಮಾನಕ್ಕೆ ಊರು ಕಾಣದಂತೆ ದೀಪ ಆರಿಸುವ ಕವಾಯತಿನ ವಿಷಯ ಬಂತು.

"ಸಮುದ್ರ ದಾಟಿ ಕಾನ್ಸಾಸ್‌ವರೆಗೂ ಬರೋ ಶತ್ರು ವಿಮಾನ ನಡುವೆ ಎರಡು ಕಡೆ ನಿಂತು ಪೆಟ್ರೋಲ್ ಹಾಕಿಸ್ಕೋಬೇಕು," ಎಂದ ಹಫ್.

"ಅವನಿಗೆ ರೇಷನ್ ಕೂಪನ್ ಯಾರು ಕೊಡ್ತಾರೆ? ನನಗೇ ಸಿಗ್ತಿಲ್ಲ," ಎಂದ ಮೇಯರ್. ಆದರೂ ಕವಾಯತು ಮುಂದಿನ ವಾರದ ಶುಕ್ರವಾರಕ್ಕೆ ನಿಗದಿಯಾಯಿತು.

ಆಮೇಲೆ ತರಕಾರಿ ಮಡಿ ಕೆದಕುವ ನಾಯಿಗಳು. ಆಮೇಲೆ ಹಫ್‌ನ ಅಂಗಡಿ ಮುಂದಿನ ಜಿಡ್ಡಿನ ಡಬ್ಬ. ಮದ್ದುಗುಂಡು ತಯಾರಿಸಲೆಂದು ಸರ್ಕಾರ ಮನೆಮನೆಯ ಅಡುಗೆ ಜಿಡ್ಡು ಕೇಳಿತ್ತು. ಊರ ಹೆಂಗಸರು ಅದನ್ನು ತಂದು ಆ ಡಬ್ಬಕ್ಕೆ ಸುರಿಯುತ್ತಿದ್ದರು. ಅದು ನಾರುತ್ತಿದೆ ಎಂಬ ದೂರು ಬಂದಿತ್ತು.

"ದೇಶಭಕ್ತಿ ಸ್ವಲ್ಪ ನಾರುತ್ತೆ. ತಡ್ಕೋಬೇಕು," ಎಂದ ಹಫ್.

ಕೊನೆಗೆ ಈಜುಕೊಳ. ಕಾವಲಿಗಿದ್ದ ಹುಡುಗ ಸೈನ್ಯಕ್ಕೆ ಹೋಗಿದ್ದ. ಜೀವರಕ್ಷಕರಿಲ್ಲದೆ ಕೊಳ ತೆರೆಯುವಂತಿರಲಿಲ್ಲ. ತೆರೆಯದಿದ್ದರೆ ಮಕ್ಕಳು ಊರಾಚೆಯ ಜಲ್ಲಿ ಗುಂಡಿಗೆ ಈಜಲು ಹೋಗುತ್ತಿದ್ದರು. ಹಿಂದಿನ ಬೇಸಿಗೆಯಲ್ಲಿ ಆ ಗುಂಡಿ ಒಬ್ಬ ಹುಡುಗನನ್ನು ನುಂಗಿತ್ತು.

"ಜೀವರಕ್ಷಕರ ಪರೀಕ್ಷೆ ಪಾಸಾದವರು ಊರಲ್ಲಿ ಒಬ್ಬರಿದ್ದಾರೆ," ಎಂದಳು ಮಿಸ್ ಟಟಲ್. "ಚೇಲೊ ಅರಿಯಾಗ. ಟೊಪೀಕಾದಲ್ಲಿ ಚಿಕ್ಕಮ್ಮನ ಮನೇಲಿದ್ದಾಗ ಪಾಸ್ ಮಾಡಿದ್ಳಂತೆ."

ಮೂವರೂ ಒಬ್ಬರನ್ನೊಬ್ಬರು ನೋಡಿದರು. ಅರಿಯಾಗ ಎಂದರೆ ರೈಲು ಹಳಿ ಕೆಲಸದ ಮೆಕ್ಸಿಕನ್ನರ ಮನೆತನ. ಕೊಳದ ನೀರನ್ನು ಪ್ರತಿ ಸೋಮವಾರ ಸಂಜೆ ಹೊರಬಿಟ್ಟು, ಮಂಗಳವಾರ ಬೆಳಗಾಗುವಷ್ಟರಲ್ಲಿ ಹೊಸ ನೀರು ತುಂಬುವುದು ವಾಡಿಕೆ. ಮೆಕ್ಸಿಕನ್ನರಿಗೆ ಗೇಟು ತೆರೆಯುತ್ತಿದ್ದುದು ಆ ಸೋಮವಾರ ಮಧ್ಯಾಹ್ನ ಮಾತ್ರ, ಉಳಿದವರೆಲ್ಲ ವಾರವಿಡೀ ಈಜಿ ಬಿಟ್ಟ ನೀರಿಗೆ. ಕಸದ ಗಾಡಿ ಬರುವ ದಿನದಂತೆ ಇದೂ ಎಲ್ಲರಿಗೂ ಗೊತ್ತಿದ್ದ ಸಂಗತಿ. ಯಾರೂ ಪ್ರಶ್ನೆ ಕೇಳಿರಲಿಲ್ಲ.

"ಕುರ್ಚಿ ಮೇಲೆ ಕೂರೋಕೆ ಏನೂ ತೊಂದರೆ ಇಲ್ಲ," ಎಂದ ಮೇಯರ್. "ಕುರ್ಚಿ ನೀರಿಂದ ಹೊರಗಿದೆ."

"ಯಾರಾದ್ರೂ ಮುಳುಗಿದ್ರೆ?" ಎಂದ ಹಫ್. "ಅವಳು ನೀರಿಗೆ ಇಳೀಲೇಬೇಕಲ್ಲ. ಆಗ ನೀರು ಬದಲಾಯಿಸಬೇಕೋ ಬೇಡವೋ?"

"ಮುಳುಗೋರು ಸೋಮವಾರ ಮುಳುಗಲಿ," ಎಂದ ಮೇಯರ್.

ಮಿಸ್ ಟಟಲ್ ಇದನ್ನು ಬರೆದುಕೊಳ್ಳಲಿಲ್ಲ. ಪೆಂಡರ್ ಗಂಟಲು ಸರಿಮಾಡಿಕೊಂಡ. ಔಷಧಿ ಶೀಸೆಗೆ ಚೀಟಿ ಅಂಟಿಸಿ ಅಂಟಿಸಿ ಅವನಿಗೆ ಎಲ್ಲದಕ್ಕೂ ಖಚಿತವಾದ ಮಾತು ಹೊಂದಿಸುವ ಅಭ್ಯಾಸ. ಅಲ್ಲೇ ಠರಾವು ಹೇಳಿ ಬರೆಸಿದ: ಜೀವರಕ್ಷಕಿ ಕುರ್ಚಿಯಲ್ಲೇ ಇರತಕ್ಕದ್ದು, ಮುಳುಗುತ್ತಿರುವವರನ್ನು ರಕ್ಷಿಸಲು ಮಾತ್ರ ನೀರಿಗಿಳಿಯಬಹುದು, ಹಾಗೆ ಇಳಿದದ್ದನ್ನು ಈಜು ಎಂದು ಪರಿಗಣಿಸತಕ್ಕದ್ದಲ್ಲ. ಮೂವರೂ ಕೈ ಎತ್ತಿದರು. ಮನೆಗೆ ಹೋಗುವ ದಾರಿಯಲ್ಲಿ ಪೆಂಡರ್‌ಗೆ ತನ್ನ ಠರಾವಿನ ಬಗ್ಗೆ ಹೆಮ್ಮೆಯೇ ಆಯಿತು.

ಮರುದಿನ ಅವನೇ ಹಳಿಯ ಪಕ್ಕದ ಸಾಲುಮನೆಗಳಿಗೆ ಹೋದ. ಹಳೇ ರೈಲು ಡಬ್ಬಿಗಳಿಗೆ ಕಿಟಕಿ ಕೊರೆದು ಮಾಡಿದ ಮನೆಗಳು. ಚೇಲೊ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅಪ್ಪ ಪಾಸ್ಕ್ವಾಲ್ ಮೆಟ್ಟಿಲ ಮೇಲೆ ಕೂತು ಬೂಟಿನ ಜಲ್ಲಿ ಉದುರಿಸುತ್ತಿದ್ದ. ಪೆಂಡರ್ ಠರಾವು ಓದಿದ.

"ಇನ್ನೊಂದ್ಸಲ ಓದಿ, ಮಿಸ್ಟರ್ ಪೆಂಡರ್," ಎಂದಳು ಚೇಲೊ. ಅವನು ಓದಿದ. "ಅಂದ್ರೆ ಮುಳುಗೋರು ಇದ್ರೆ ನಾನು ನೀರಿಗೆ ಬರಬಹುದು. ಇಲ್ದಿದ್ರೆ ಇಲ್ಲ."

"ಹೌದು."

"ಯಾರು ಮುಳುಗ್ತಿದಾರೆ ಅಂತ ತೀರ್ಮಾನ ಮಾಡೋದು ಯಾರು? ನಾನೋ, ನಿಮ್ಮ ಸಭೆನೋ?"

"ನೀನೇ. ಸಭೆ ಸೇರೋಷ್ಟರಲ್ಲಿ..." ಪೆಂಡರ್ ಠರಾವಿನ ಕಾಗದ ಮಡಚಿದ.

ಪಾಸ್ಕ್ವಾಲ್ ಬೂಟು ಕೆಳಗಿಟ್ಟ. "ನನ್ನ ಮಗ ರುಫಿನೋನ ಸೈನ್ಯಕ್ಕೆ ಕರೆದಾಗ, ಸೆನ್ಯೋರ್, ಸೋಮವಾರ ಮಾತ್ರ ಬಾ ಅಂತ ಯಾರೂ ಹೇಳಲಿಲ್ಲ."

ಪೆಂಡರ್ ಕುಂಡದಲ್ಲಿದ್ದ ಮೆಣಸಿನ ಗಿಡ ಚೆನ್ನಾಗಿ ಬಂದಿದೆ ಎಂದ.

"ತಗೊಂಡು ಹೋಗಿ, ಆದ್ರೆ ನಿಮಗೆ ಖಾರ ಆಗುತ್ತೆ," ಎಂದ ಪಾಸ್ಕ್ವಾಲ್.

ಚೇಲೊ ಹಿಂಡಿದ ಬಟ್ಟೆ ಹಗ್ಗಕ್ಕೆ ಹಾಕಿದಳು. "ಆ ಜಲ್ಲಿ ಗುಂಡಿಗೆ ಮಕ್ಕಳು ಹೋಗೋದನ್ನ ನಾನು ಇಲ್ಲಿಂದ ನೋಡ್ತಿರ್ತೀನಿ. ಅದಕ್ಕೋಸ್ಕರ ಬರ್ತೀನಿ. ನಿಮ್ಮ ಠರಾವು ಚೆನ್ನಾಗಿದೆ ಅಂತ ಅಲ್ಲ."

ಕೊಳ ತೆರೆಯಿತು. ಚೇಲೊ ಸೀಟಿ ಕೊರಳಿಗೆ ಹಾಕಿಕೊಂಡು ಎತ್ತರದ ಕುರ್ಚಿಯಲ್ಲಿ ಕೂತಳು. ಮೊದಲ ದಿನಗಳಲ್ಲಿ ಬಂದ ತಾಯಂದಿರು ನೀರಿಗಿಂತ ಹೆಚ್ಚಾಗಿ ಅವಳನ್ನೇ ನೋಡಿದರು. ಅವಳು ಕುರ್ಚಿ ಬಿಟ್ಟು ಇಳಿಯಲಿಲ್ಲ. ಎಲ್ಲರಿಗೂ ಸಮಾಧಾನವಾಯಿತು, ಅವರು ಸೈನಿಕರಿಗೆಂದು ಸ್ವೆಟರ್ ಹೆಣೆಯುವುದಕ್ಕೆ ಮರಳಿದರು.

ಶುಕ್ರವಾರ ಪೆಂಡರ್ ಗಾಯಕ್ಕೆ ಹಚ್ಚುವ ಅಯೋಡಿನ್, ಪಟ್ಟಿ ಕೊಟ್ಟುಬರಲು ಕೊಳಕ್ಕೆ ಹೋದ. ಗೇಟಿನಲ್ಲೇ ಗಲಾಟೆ ಕೇಳಿಸಿತು. ಕೊಳದ ತುಂಬ ಮಕ್ಕಳು ಮುಳುಗುತ್ತಿದ್ದರು. ಸೊಂಟದ ಮಟ್ಟದ ನೀರಲ್ಲಿ ನಿಂತವನೊಬ್ಬ ಕೈ ಎತ್ತಿ, "ಮಿಸ್, ಈಗ ನಾನು ಮುಳುಗ್ತೀನಿ, ಸರದಿ ನಂದು," ಎನ್ನುತ್ತಿದ್ದ. ಚೇಲೊ ಒಬ್ಬ ಹುಡುಗಿಯ ಹೊಟ್ಟೆಗೆ ಕೈ ಕೊಟ್ಟು ದಡದ ಕಡೆ ಒಯ್ಯುತ್ತ, "ಕಾಲು ಬಿಗಿ ಮಾಡ್ಬೇಡ, ಹಗುರ ಬಿಡು," ಎಂದು ಹೇಳಿಕೊಡುತ್ತಿದ್ದಳು. ರಕ್ಷಣೆಗೊಳಗಾಗುತ್ತಿದ್ದ ಆ ಹುಡುಗಿ ಪೆಂಡರ್‌ನ ಮೊಮ್ಮಗಳು ನಾರ್ಮಾ.

"ಏನಿದು?" ಎಂದ ಪೆಂಡರ್.

"ಮುಳುಗ್ತಿದೀನಿ ತಾತ. ನೆನ್ನೆ ಮುಳುಗಿದಾಗ ಕಾಲು ಹೊಡೆಯೋದು ಕಲಿತೆ. ಇವತ್ತು ಕೈ."

"ಸುಳ್ಳು ಹೇಳಿ ಅವಳನ್ನ ನೀರಿಗೆ ಕರೀತೀರಾ?"

"ನಾವು ಮುಳುಗದೆ ಅವಳು ನೀರಿಗೆ ಬರೋ ಹಾಗಿಲ್ವಲ್ಲ. ನೀವೇ ಮಾಡಿದ ರೂಲು ತಾತ."

ಪೆಂಡರ್‌ಗೆ ನಗು ಬಂತು. ಚೇಲೊ ಕೂಡ ನಗುತ್ತಿದ್ದಳು. ಅಷ್ಟರಲ್ಲಿ ಅವಳ ನಗು ನಿಂತಿತು. ನಾರ್ಮಾಳ ಕೈಯನ್ನು ದಡಕ್ಕೆ ಹಿಡಿಸಿ, ಮಾತಿಲ್ಲದೆ ಆಳದ ಕಡೆಗೆ ಈಜಿದಳು. ಅಲ್ಲಿ ಪೋಸ್ಟ್‌ಮಾಸ್ಟರರ ಕಿರಿಮಗ ನೀರಿನ ಕೆಳಗಿದ್ದ. ಅವನು ಕೂಗಿರಲಿಲ್ಲ, ಕೈಯನ್ನೂ ಎತ್ತಿರಲಿಲ್ಲ. ಮೇಲೆ ತಂದು ದಡದಲ್ಲಿ ಮಲಗಿಸಿದಾಗ ಕೆಮ್ಮಿದ, ವಾಂತಿ ಮಾಡಿಕೊಂಡ, ಆಮೇಲೆ ದೊಡ್ಡದಾಗಿ ಅತ್ತ. ಅಷ್ಟೇ. ಸ್ವಲ್ಪ ಹೊತ್ತಿಗೆ ಎದ್ದು ಬಿಸ್ಕತ್ತು ಕೇಳಿದ.

ಚೇಲೊ ಸೀಟಿ ಊದಿ ಎಲ್ಲರನ್ನೂ ಹೊರಗೆ ಕಳಿಸಿದಳು.

"ತಪ್ಪು ನಂದೂ ಇದೆ," ಎಂದಳು. "ಆಟ ಅಂತ ನಾನೂ ಕುಣಿದೆ. ನಿಜವಾಗಿ ಮುಳುಗೋರು ಕೂಗಲ್ಲ, ಮಿಸ್ಟರ್ ಪೆಂಡರ್. ಇಷ್ಟೊಂದು ಜನ ಸುಳ್ಳಿಗೆ ಕೂಗ್ತಿದ್ರೆ ನಾನು ಯಾರನ್ನ ಅಂತ ನೋಡಲಿ? ಬೆಳಗ್ಗೆ ನಾನು ನೀರಲ್ಲಿ ನಿಂತು ಇವರಿಗೆ ಈಜು ಕಲಿಸಬೇಕು, ಮಧ್ಯಾಹ್ನ ಕುರ್ಚೀಲಿ ಕೂತು ಕಾಯಬೇಕು. ನನ್ನ ತಮ್ಮ ತಂಗೀನೂ ಇವರ ಜೊತೆ ಕಲೀಬೇಕು, ಬೇಕಾದ ದಿನ. ಆಗಲ್ಲ ಅಂದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಸೀಟಿಯನ್ನು ಅವನ ಕೈಗೆ ಕೊಟ್ಟು ಹೊರಟಳು. ಗೇಟಿಗೆ ಬೀಗ ಬಿತ್ತು. ಆ ಸಂಜೆ ದೀಪ ಆರಿಸುವ ಕವಾಯತು. ಕತ್ತಲಲ್ಲಿ ಕೂತ ಪೆಂಡರ್ ತನ್ನ ಠರಾವನ್ನು ಮನಸ್ಸಿನಲ್ಲೇ ಮತ್ತೆ ಓದಿಕೊಂಡ. ಇದು ಯಾವ ಕಾಯಿಲೆಗೆ ಕೊಟ್ಟ ಔಷಧಿ ಎಂದು ಕೇಳಿಕೊಂಡ. ಕಾಯಿಲೆಯೇ ಇರಲಿಲ್ಲ. ಇರದ ಕಾಯಿಲೆಗೆ ಕೊಟ್ಟ ಔಷಧಿಯಿಂದ ಒಂದು ಮಗು ಸಾಯುವುದರಲ್ಲಿತ್ತು.

ಶನಿವಾರ ತುರ್ತು ಸಭೆ. ಠರಾವನ್ನೂ ಸೋಮವಾರದ ವಾಡಿಕೆಯನ್ನೂ ಕೈಬಿಡಬೇಕೆಂದು ಪೆಂಡರ್ ಸೂಚಿಸಿದ.

"ನನಗೆ ಅವರ ಮೇಲೆ ದ್ವೇಷ ಏನೂ ಇಲ್ಲ ಲಾಯ್ಡ್," ಎಂದ ಹಫ್. ಅವನು ಹೇಳಿದ್ದು ನಿಜವೇ. "ಪಾಸ್ಕ್ವಾಲ್ ನನ್ನ ಗಿರಾಕಿ. ಅವನಿಗೆ ತೂಕದಲ್ಲಿ ನಾನು ಒಂದು ದಿನಾನೂ ಮೋಸ ಮಾಡಿಲ್ಲ. ಆದ್ರೆ ನೀರಿನ ವಿಷಯ ಬೇರೆ. ನೀರಲ್ಲಿ ಎಲ್ಲಾ ಬೆರೆತು ಹೋಗುತ್ತೆ. ನಾಳೆ ಹೆಂಗಸರು ಬಂದು ನನ್ನ ಅಂಗಡೀಲಿ ನಿಂತು ಕೇಳ್ತಾರೆ. ನಿನ್ನ ಹತ್ರ ತಲೆನೋವಿನ ಮಾತ್ರೆಗೆ ಬರೋರು ಹೇಗೂ ಬರ್ತಾರೆ. ನಂದು ಹಾಗಲ್ಲ."

"ಅರಿಯಾಗನ ಮನೆ ಜಿಡ್ಡು ನಿನ್ನ ಡಬ್ಬಕ್ಕೆ ಬೀಳುತ್ತಾ ಇಲ್ವಾ?"

"ಬೀಳುತ್ತೆ."

"ಬೇರೆ ಡಬ್ಬ ಇಟ್ಟಿದೀಯಾ?"

"ಅದು ಬಾಂಬಿಗೆ ಕಣಯ್ಯಾ."

"ಸರಿ. ಬಾಂಬಿಗೆ ಬೆರೆತರೆ ಪರವಾಗಿಲ್ಲ."

ಹಫ್ ಮುಖ ಕೆಂಪಾಯಿತು. ಮೇಯರ್ ಚುರುಟು ಕೆಳಗಿಟ್ಟ. ಪರ ಒಂದು, ವಿರುದ್ಧ ಒಂದು; ನಿರ್ಧರಿಸಬೇಕಾದವನು ಅವನೇ. ನಿರ್ಧಾರ ತನ್ನ ಮೇಲೆ ಬಿದ್ದಾಗ ಅವನು ಯಾವಾಗಲೂ ಮಾಡುವುದನ್ನೇ ಮಾಡಿದ. "ಮುಂದಿನ ತಿಂಗಳಿಗೆ ಮುಂದೂಡೋಣ."

"ಮುಂದಿನ ತಿಂಗಳಿಗೆ ಬೇಸಿಗೆ ಅರ್ಧ ಮುಗಿದಿರುತ್ತೆ ಎಮರಿ."

"ಅದೇ ನಾನು ಹೇಳೋದು. ಚಳಿಗಾಲದಲ್ಲಿ ಈ ಸಮಸ್ಯೇನೇ ಇರಲ್ಲ."

ಪೆಂಡರ್ ಟೋಪಿ ಕೈಗೆತ್ತಿಕೊಂಡ. "ಅಲ್ಲೀವರೆಗೆ ಕೊಳದ ಗೇಟು ಯಾರ ಜವಾಬ್ದಾರಿ, ಮಿಸ್ ಟಟಲ್?"

"ಉದ್ಯಾನ ಸಮಿತಿ ಅಧ್ಯಕ್ಷರದು."

"ಅಂದ್ರೆ?"

"ಅಂದ್ರೆ ನೀವು. ನೀರು ಬಿಡೋದು, ತುಂಬೋದು ಎಲ್ಲಾ." ಇಷ್ಟು ಹೇಳಿ ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

ಭಾನುವಾರ ಬೆಳಗ್ಗೆ ಪೆಂಡರ್ ಕೊಳದ ಹಳೇ ನೀರು ಬಿಡಿಸಿ ಹೊಸ ನೀರಿನ ನಲ್ಲಿ ತಿರುಗಿಸಿ, ಅಲ್ಲಿಂದ ಹಳಿ ಪಕ್ಕದ ಮನೆಗಳಿಗೆ ನಡೆದ. ಚೇಲೊ ಚರ್ಚಿನಿಂದ ಬಂದು ಇನ್ನೂ ತಲೆಯ ಮುಸುಕು ತೆಗೆದಿರಲಿಲ್ಲ.

"ಸಭೆ ಏನಂತು?"

"ಮುಂದೂಡಿತು."

"ನೀವು?"

ಅವನು ಸೀಟಿ ಚಾಚಿದ. "ನಾಳೆ ಬೆಳಗ್ಗೆ ಗೇಟು ತೆಗೀತೀನಿ. ಎಲ್ಲರಿಗೂ. ತಮ್ಮ ತಂಗೀನ ಕರ್ಕೊಂಡು ಬಾ."

"ನಾಳೆ ಸೋಮವಾರ. ಸೋಮವಾರ ಹೇಗೂ ನಮ್ಮದೇ," ಎಂದಳು ಚೇಲೊ.

"ಮಂಗಳವಾರಾನೂ ಬನ್ನಿ. ಸೋಮವಾರ ಸಂಜೆ ನೀರು ಬಿಡಲ್ಲ. ಇನ್ನು ಮೇಲೆ ಅದು ಶನಿವಾರ ರಾತ್ರಿ."

ಚೇಲೊ ಸೀಟಿ ತೆಗೆದುಕೊಂಡು ಅದರ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನಿಮ್ಮ ಅಂಗಡಿಗೆ ಜನ ಬರೋದು ಕಮ್ಮಿ ಆಗಬಹುದು."

"ತಲೆನೋವು ಬಂದೋರು ಬರ್ತಾರಂತೆ. ಡೆಲ್ಬರ್ಟ್ ಹೇಳಿದಾನೆ."

ಸೋಮವಾರ ಮೂರ್ನಾಲ್ಕು ತಾಯಂದಿರು ಗೇಟಿನವರೆಗೆ ಬಂದು, ಒಳಗೆ ನೋಡಿ, ಮಕ್ಕಳನ್ನು ಎಳೆದುಕೊಂಡು ವಾಪಸಾದರು. ಪೋಸ್ಟ್‌ಮಾಸ್ಟರರ ಹೆಂಡತಿ ಮಾತ್ರ ಮಗನನ್ನು ಕರೆತಂದು ನೇರವಾಗಿ ಚೇಲೊಳ ಮುಂದೆ ನಿಲ್ಲಿಸಿ, "ಇವನಿಗೆ ಮೊದಲು ಕಲಿಸಮ್ಮ," ಎಂದಳು. ಅಂದು ಹಳಿ ಕಡೆಯ ಮಕ್ಕಳು ಮೊದಲ ಬಾರಿಗೆ ತಳ ಕಾಣುವ ನೀರಲ್ಲಿ ಈಜಿದರು. ಚೇಲೊಳ ತಮ್ಮನಿಗೆ ಅದೇ ದೊಡ್ಡ ಆಶ್ಚರ್ಯ. ಹೊತ್ತೆಲ್ಲ ತನ್ನ ಕಾಲನ್ನೇ ನೋಡಿಕೊಂಡು ನಿಂತಿದ್ದ. ನಾರ್ಮಾ ಮುಳುಗದೆಯೇ ಕೈ ಬೀಸುವುದನ್ನು ಕಲಿತಳು.

ಮಂಗಳವಾರ ಮಧ್ಯಾಹ್ನ ಬಿಸಿಲು ಡಾಂಬರನ್ನು ಕರಗಿಸುತ್ತಿತ್ತು. ಡೆಲ್ಬರ್ಟ್ ಹಫ್ ಅಂಗಡಿಯಿಂದ ನೇರವಾಗಿ ಬಂದ. ಹೆಗಲ ಮೇಲೆ ಟವೆಲ್, ತೋಳಿಗೆ ಅಂಟಿದ ಕೊಬ್ಬು ಹಾಗೇ ಇತ್ತು. ಅವನ ಇಬ್ಬರು ಮೊಮ್ಮಕ್ಕಳು ಯಾರನ್ನೂ ಕೇಳದೆ ಆಗಲೇ ನೀರಿಗೆ ಬಿದ್ದು, ಚೇಲೊಳ ತಂಗಿಯ ಜೊತೆ ಚೆಂಡು ಎಸೆಯುತ್ತಿದ್ದರು.

ಹಫ್ ದಡದಲ್ಲಿ ನಿಂತು ನೀರನ್ನು ನೋಡಿದ. "ಬದಲಾಯಿಸಿದ್ಯಾ ಲಾಯ್ಡ್?"

"ಇಲ್ಲ."

"ನಿನ್ನೆ ಅವರು..."

"ಹೌದು. ನಾರ್ಮಾನೂ ಇದ್ಲು."

ಹಫ್ ಮತ್ತೆ ನೀರನ್ನು ನೋಡಿದ. ಮೊಮ್ಮಕ್ಕಳನ್ನು ಕರೆಯಲೆಂದು ಬಾಯಿ ತೆರೆದ. ಚೆಂಡು ಅವನ ಹತ್ತಿರ ಬಂದು ತೇಲಿತು. ಕಿರಿಯವನು, "ಎಸಿ ತಾತ," ಎಂದ. ಹಫ್ ಬಗ್ಗಿ ಚೆಂಡು ಎತ್ತಿಕೊಂಡ. ಕೈ ಒದ್ದೆಯಾಯಿತು. ಆ ಕೈಯಿಂದಲೇ ಬೆವರಿದ ಕತ್ತು ಒರೆಸಿಕೊಂಡು, ಚೆಂಡು ಎಸೆದ. ಹಾಗೇ ನಿಂತ. ಕೊನೆಗೆ ಹಫ್ ಯಾರನ್ನೋ ಬೈಯುವವನಂತೆ ಗೊಣಗುತ್ತ ಟವೆಲನ್ನು ಬೆಂಚಿನ ಮೇಲೆ ಎಸೆದು, ಅಂಗಿ ಬಿಚ್ಚಿ, ನೀರಿಗೆ ಒಂದು ಕಾಲು ಚಾಚಿದ.

ಮೇಲಿನಿಂದ ಸೀಟಿ ಕೂಗಿತು. ಕೊಳದಲ್ಲಿದ್ದ ಎಲ್ಲರೂ ತಿರುಗಿ ನೋಡಿದರು.

"ಮಿಸ್ಟರ್ ಹಫ್," ಎಂದಳು ಚೇಲೊ ಕುರ್ಚಿಯಿಂದ, "ಮೊದಲು ಅಲ್ಲಿ ನಲ್ಲಿ ಹತ್ರ ಹೋಗಿ ಮೈ ತೊಳ್ಕೊಂಡು ಬನ್ನಿ. ಸೋಪು ಇದೆ. ಹೊಲಸು ಮೈಯಲ್ಲಿ ಯಾರೂ ನೀರಿಗೆ ಇಳಿಯೋ ಹಾಗಿಲ್ಲ."

ಹಫ್ ತನ್ನ ತೋಳು ನೋಡಿಕೊಂಡ. ಆಮೇಲೆ ಪೆಂಡರ್‌ನ ಕಡೆ ನೋಡಿದ. ಪೆಂಡರ್ ಆಕಾಶ ನೋಡುತ್ತಿದ್ದ.

"ಎಲ್ಲರಿಗೂ ಹೀಗೇನಾ?" ಎಂದ ಹಫ್.

"ಎಲ್ಲರಿಗೂ."

ಹಫ್ ಕಾಲು ಹಿಂದಕ್ಕೆ ತೆಗೆದುಕೊಂಡ. ಸ್ವಲ್ಪ ಹೊತ್ತಿಗೆ ನಲ್ಲಿಯ ಕಡೆಯಿಂದ ಅವನ ದನಿ ಕೇಳಿಸಿತು: "ಸೋಪು ಎಲ್ಲಿಟ್ಟಿದೀಯಮ್ಮಾ?"