ಕಾದಂಬರಿಯಲ್ಲಿ ಇಲ್ಲದ ಹುಡುಗಿ

ಎಂದೋ ಓದಿದ ಪುಸ್ತಕವನ್ನು ನಿನ್ನೆ ತಾನೇ ಮುಗಿಸಿದವನಂತೆ ಎದೆ ತಟ್ಟಿಕೊಂಡು ಹೊಗಳುವುದು ಕನ್ನಡಕದಂಗಡಿಯವನ ಹಳೇ ಚಾಳಿ. ಇದರಿಂದ ಈವರೆಗೆ ಅವನಿಗೆ ಯಾವ ತೊಂದರೆಯೂ ಆಗಿರಲಿಲ್ಲ, ಹಾಗಾಗಿ ಬಿಡುವ ಯೋಚನೆಯೂ ಬಂದಿರಲಿಲ್ಲ. ಈ ಸಲ ಮಾತ್ರ ಚೆನ್ನಾಗಿ ಸಿಕ್ಕಿಹಾಕಿಕೊಂಡ. ಅದೂ ಹೊರಗಿನವರ ಕೈಯಲ್ಲಲ್ಲ, ಹೆತ್ತ ಮಗಳ ಕೈಯಲ್ಲಿ.

ಅವನ ಅಂಗಡಿಯಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಓದುಗರ ಕೂಟ ಸೇರುತ್ತದೆ. ಮೇಲಿನ ಮಹಡಿಯ ಹಲ್ಲಿನ ಡಾಕ್ಟರಮ್ಮ, ನಿವೃತ್ತ ಗಣಿತದ ಮೇಷ್ಟ್ರು, ಎದುರುಗಡೆ ಬೇಕರಿಯವನು, ಮತ್ತೆ ಇವನು. ಬಿಡುವಾದಾಗ ಇವನ ಮಗಳೂ ಬರುತ್ತಾಳೆ. ಮೊದಮೊದಲು ಡಾಕ್ಟರಮ್ಮನೂ ಮೇಷ್ಟ್ರೂ ಒಬ್ಬರ ಮಾತಿಗೊಬ್ಬರು ಅಡ್ಡ ಬಾಯಿ ಹಾಕಿ ಕೂಟವೇ ಮುರಿದುಹೋಗುವ ಹಾಗಾಗಿತ್ತು. ಆಗ ಒಂದು ಕಟ್ಟುಪಾಡು ಮಾಡಿಕೊಂಡರು. ಕಣ್ಣು ಪರೀಕ್ಷೆಯ ಎತ್ತರದ ಕುರ್ಚಿಯ ಮೇಲೆ ಕೂತವರು ಮಾತ್ರ ಮಾತಾಡಬೇಕು, ಉಳಿದವರ ಬಾಯಿಗೆ ಬೀಗ. ಪುಸ್ತಕ ಆರಿಸಿದವರದು ಕೊನೆಯ ಸರದಿ, ಅವರು ಇಳಿದ ಮೇಲೆ ಯಾರೂ ಹತ್ತುವಂತಿಲ್ಲ. ಎದುರಿನ ಗೋಡೆಯ ಮೇಲೆ ದೊಡ್ಡಕ್ಷರದಿಂದ ಚಿಕ್ಕಕ್ಷರಕ್ಕೆ ಇಳಿಯುವ ಫಲಕ ನೇತಾಡುತ್ತಿರುತ್ತದೆ. ಕೂತವರೆಲ್ಲ ಅದನ್ನೇ ನೋಡಿಕೊಂಡು ಕಾದಂಬರಿಗಳ ಬಗ್ಗೆ ತೀರ್ಪು ಕೊಡುತ್ತಾರೆ.

ಈ ಸಲ ಪುಸ್ತಕ ಆರಿಸಿದವನು ಇವನೇ. ‘ಹೆಪ್ಪುಗಡಲಿನ ಕೆಳಗೆ’ ಎಂಬ ಹಳೇ ಸಾಹಸದ ಕಾದಂಬರಿ. ಮನುಷ್ಯ ಇನ್ನೂ ನೆಟ್ಟಗೆ ವಿಮಾನವನ್ನೇ ಹಾರಿಸದ ಕಾಲದಲ್ಲಿ ಯಾರೋ ಪುಣ್ಯಾತ್ಮ ಕೂತಲ್ಲೇ ಊಹಿಸಿ ಬರೆದದ್ದು. ದೂರದ ಒಂದು ಚಂದ್ರ, ಅದರ ಮೈತುಂಬ ಮಂಜುಗಡ್ಡೆ, ಗಡ್ಡೆಯ ಕೆಳಗೆ ಕತ್ತಲ ಕಡಲು, ಆ ಕಡಲಿಗಿಳಿಯುವ ಒಂದು ಉಕ್ಕಿನ ನೌಕೆ. ಹುಡುಗನಾಗಿದ್ದಾಗ ಓದಿದ್ದ. ಮಗಳು ಚಿಕ್ಕವಳಿದ್ದಾಗ ಅದನ್ನೇ ಎಷ್ಟು ಸಲ ಹೇಳಿದ್ದನೋ ಲೆಕ್ಕವಿಲ್ಲ. ಹೋದ ಕೂಟದಲ್ಲಿ ಎಲ್ಲರಿಗೂ ಒತ್ತಿ ಒತ್ತಿ ಹೇಳಿದ್ದ: "ಶುರುವಿನಲ್ಲಿ ಸ್ವಲ್ಪ ಎಳೆಯುತ್ತೆ. ಚುಕ್ಕಾಣಿ ಹಿಡಿಯೋ ಹುಡುಗಿ ಬರೋವರೆಗೆ ತಾಳ್ಕೊಳ್ಳಿ. ಅವಳು ಬಂದ ಮೇಲೆ ಪುಸ್ತಕ ಕೆಳಗಿಡೋಕಾಗಲ್ಲ."

ಪುಸ್ತಕ ಈಗ ಅಚ್ಚಿನಲ್ಲಿಲ್ಲ. ಬೇಕರಿಯವನು ಹಳೇ ಪುಸ್ತಕದಂಗಡಿಯಲ್ಲಿ ಒಂದು ಪ್ರತಿ ಹುಡುಕಿ ಎಲ್ಲರಿಗೂ ಜೆರಾಕ್ಸ್ ಮಾಡಿಸಿ ಕೊಟ್ಟ. ಇವನು ತನ್ನ ಪ್ರತಿಯನ್ನು ಬಿಚ್ಚಲೂ ಇಲ್ಲ. ಬಾಯಿಪಾಠವಿರುವುದನ್ನು ಓದುವುದೇನು ಎಂಬ ಜಂಭ. ಕೂಟಕ್ಕೆ ಒಂದು ವಾರ ಉಳಿದಾಗ, ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ಬೇಸರ ಕಳೆಯಲೆಂದು ತೆರೆದ.

ನೌಕೆ ಇಳಿಯಿತು. ಕಪ್ತಾನ ಬಂದ, ವೈದ್ಯ ಬಂದ, ಅಡುಗೆಯವನು ಬಂದ, ಮೀನುಗಳ ಹುಚ್ಚಿನ ಒಬ್ಬ ಪಂಡಿತ ಬಂದ. ಹುಡುಗಿ ಬರಲಿಲ್ಲ. ಇರಲಿ, ದೀಪಗಳು ಆರುವ ಅಧ್ಯಾಯದಲ್ಲಿ ಬರುತ್ತಾಳೆ ಎಂದುಕೊಂಡ. ದೀಪಗಳು ಆರಿದವು, ಯಂತ್ರದ ಮುಳ್ಳುಗಳೆಲ್ಲ ಸತ್ತು ನಿಂತವು, ಕಪ್ತಾನ ಕತ್ತಲಲ್ಲೇ ಮುಂದೆ ನಡೆಸಿ ಎಂದು ಅಪ್ಪಣೆ ಕೊಟ್ಟ. ಇಲ್ಲೇ, ಸರಿಯಾಗಿ ಇಲ್ಲೇ, ಹಿಟ್ಟಿನ ಪೀಪಾಯಿಯೊಳಗಿಂದ ಹುಡುಗಿ ಎದ್ದು ಬರಬೇಕು. ಉಕ್ಕಿನ ಗೋಡೆಗೆ ಅಂಗೈಯೊತ್ತಿ, ನೀರಿನ ನಡುಕವನ್ನು ಕೈಯಲ್ಲೇ ಓದಿ, ಎರಡು ಸಲ ತಪ್ಪಿ, ಮೂರನೇ ಸಲ ನೌಕೆಯನ್ನು ಮಂಜುಗಡ್ಡೆಯ ಬಿರುಕಿನಿಂದ ಮೇಲೆ ತರಬೇಕು. ಅವನು ಪುಟ ತಿರುವಿದ. ನೌಕೆ ಬಂಡೆಗೆ ಬಡಿಯಿತು, ನೀರು ನುಗ್ಗಿತು, ಎಲ್ಲರೂ ಸತ್ತರು. ಕಾದಂಬರಿ ಮುಗಿಯಿತು.

ಕನ್ನಡಕದಂಗಡಿಯವನು ಕೊನೆಯ ಹಾಳೆಯನ್ನು ತಿರುಗಿಸಿ ನೋಡಿದ. ಜೆರಾಕ್ಸಿನವನು ಪುಟ ನುಂಗಿರಬೇಕೆಂದು ಒಂದೊಂದೇ ಹಾಳೆ ಎಣಿಸಿದ, ಸರಿಯಾಗಿಯೇ ಇತ್ತು. ಇದು ಸಂಕ್ಷಿಪ್ತ ಆವೃತ್ತಿಯಿರಬೇಕೆಂದು ಹಳೇ ಪುಸ್ತಕದಂಗಡಿಗೆ ಫೋನು ಮಾಡಿದ. ಆ ಮನುಷ್ಯ, ಸಾರ್ ಇದು ಪೂರ್ತಿ ಪುಸ್ತಕವೇ, ನಿಮಗೇನಾದರೂ ಹೆಚ್ಚು ಬೇಕಿದ್ದರೆ ನೀವೇ ಬರೆದುಕೊಳ್ಳಿ ಎಂದು ನಕ್ಕ. ನಗು ಕೇಳಿದ ಮೇಲೆ ನಿಧಾನವಾಗಿ ನೆನಪಾಯಿತು. ಮಗಳಿಗೆ ಆಗ ಐದೋ ಆರೋ ವರ್ಷ. ನೌಕೆ ಮುಳುಗಿತು ಎಂದು ಹೇಳಿದ್ದೇ ತಡ, ಉಸಿರುಗಟ್ಟುವ ಹಾಗೆ ಅಳತೊಡಗಿದಳು. ಏನು ಮಾಡಿದರೂ ನಿಲ್ಲಲಿಲ್ಲ. ತಾಳು ತಾಳು, ಕಥೆ ಇನ್ನೂ ಮುಗಿದಿಲ್ಲ, ಪೀಪಾಯಿಯೊಳಗೆ ಯಾರಿದ್ದರು ಗೊತ್ತಾ ಎಂದಿದ್ದ. ಆಮೇಲೆ ಹೇಳುತ್ತ ಹೇಳುತ್ತ ಆ ಹುಡುಗಿ ಎಷ್ಟು ಗಟ್ಟಿಯಾದಳೆಂದರೆ, ಅವಳನ್ನು ತಂದು ಕೂರಿಸಿದವನು ತಾನೇ ಎಂಬುದು ಇವನಿಗೇ ಮರೆತುಹೋಗಿತ್ತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮಗಳು ಈಗ ರೈಲು ಚಾಲಕಿಯಾಗುವ ತರಬೇತಿಯಲ್ಲಿದ್ದಳು. ಓದೆಲ್ಲ ಮುಗಿದು, ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದಳು. ಮೂರನೆಯದೇ ಕೊನೆಯ ಅವಕಾಶ, ಅದು ಕೂಟದ ಮರುದಿನ, ಸೋಮವಾರ ಬೆಳಿಗ್ಗೆ. ಯಾಕೆ ನಪಾಸಾಯಿತೆಂದು ಕೇಳಿದರೆ ಕೈ ಕೊಟ್ಟಿತು ಎನ್ನುವುದರ ಹೊರತು ಬೇರೆ ಮಾತಿಲ್ಲ. ಎರಡನೇ ಸಲ ಸೋತು ಬಂದ ದಿನ ಊಟದ ಮೇಜಿನ ಮುಂದೆ ಕೂತು ಅವಳೇ ಅಂದಿದ್ದಳು: "ಆ ಹುಡುಗಿನೂ ಎರಡು ಸಲ ತಪ್ಪಿದ್ಲಲ್ವಾ ಅಪ್ಪ? ಬಿಡು, ನೋಡ್ಕೊಳ್ತೀನಿ." ಅವಳು ಹಿಡಿದು ನಿಂತಿರುವ ಕೊಂಬೆ ಅದೊಂದೇ. ಪರೀಕ್ಷೆಯ ಹಿಂದಿನ ದಿನ ಅದೇ ಮುರಿದರೆ ಏನು ಗತಿ?

ಆ ವಾರವಿಡೀ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಬ್ಬ ಗಿರಾಕಿಯ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಹಾಕಿ ಕಳಿಸಿದ. ಆತ ಮೆಟ್ಟಿಲು ತಪ್ಪಿ ವಾಪಸು ಬಂದು ಚೆನ್ನಾಗಿ ಉಗಿದ. ಮಗಳ ಪ್ರತಿಯನ್ನು ಫ್ರೇಮುಗಳ ಖಾನೆಯಲ್ಲಿ ಬಚ್ಚಿಟ್ಟು, ಜೆರಾಕ್ಸ್ ಒಂದು ಕಮ್ಮಿ ಬಂದಿದೆ ಕಣಮ್ಮ, ಪರೀಕ್ಷೆ ಮುಗಿದ ಮೇಲೆ ನನ್ನದನ್ನೇ ಓದುವೆಯಂತೆ ಎಂದ. ಕೂಟವನ್ನು ಮುಂದೂಡಲು ನೋಡಿದ, ಅಂಗಡಿಗೆ ಬಣ್ಣ ಹೊಡೆಸುತ್ತಿದ್ದೇನೆ ಎಂದ. ಡಾಕ್ಟರಮ್ಮ ಮಹಡಿಯಿಂದ ಇಣುಕಿ ನೋಡಿ, ಎಲ್ಲಿ ಬಣ್ಣ, ಎಲ್ಲಿ ಡಬ್ಬ ಎಂದು ಕೇಳಿದರು. ಹೆಂಡತಿಯ ಹತ್ತಿರ ಎಲ್ಲವನ್ನೂ ಹೇಳಿಕೊಂಡಾಗ ಅವಳು ಪಾತ್ರೆ ತೊಳೆಯುತ್ತಲೇ ನಕ್ಕುಬಿಟ್ಟಳು.

"ನೀವು ರೈಲು ಬಿಟ್ರಿ, ಅವಳು ಓಡಿಸೋಕೆ ಹೊರಟಳು. ಈಗ ತೆಪ್ಪಗಿರಿ. ಪರೀಕ್ಷೆ ಮುಗೀಲಿ, ಆಮೇಲೆ ಹೇಳಿ," ಅಂದಳು.

ಹಾಗಾಗಿ ಮಗಳಿಗೆ, ಕೂಟ ಮುಂದಕ್ಕೆ ಹೋಗಿದೆ, ಬಣ್ಣ ಹೊಡೆಯುವವನು ಬರುತ್ತಾನೆ, ನಾನು ಅಂಗಡಿಯಲ್ಲಿರಬೇಕು ಎಂದು ಸುಳ್ಳು ಹೇಳಿ ಭಾನುವಾರ ಮಧ್ಯಾಹ್ನ ಕಂಬಿ ಕಿತ್ತ. ಅಂಗಡಿಯ ಶಟರನ್ನು ಅರ್ಧವಷ್ಟೇ ಎತ್ತಿದ. ಎಲ್ಲರೂ ಬಗ್ಗಿ ಒಳಗೆ ಬಂದರು.

ಮೊದಲು ಕುರ್ಚಿ ಹತ್ತಿದವರು ಮೇಷ್ಟ್ರು. ಗಡ್ಡೆಯ ದಪ್ಪ ಇಷ್ಟಿದ್ದರೆ ಆ ನೌಕೆ ಅಷ್ಟು ಬೇಗ ಕೊರೆದು ಇಳಿಯುವುದು ಸಾಧ್ಯವೇ ಇಲ್ಲ, ಬರೆದವನಿಗೆ ಗುಣಾಕಾರ ಬರುತ್ತಿರಲಿಲ್ಲ ಎಂದರು. ಹಾಗಿದ್ದೂ ದೀಪಗಳು ಆರುವ ಅಧ್ಯಾಯ ಓದುವಾಗ ತಾವು ಎದ್ದು ಹೋಗಿ ಮನೆಯ ದೀಪ ಹಾಕಿ ಬಂದದ್ದನ್ನೂ ಒಪ್ಪಿಕೊಂಡರು. ಡಾಕ್ಟರಮ್ಮನಿಗೆ ಮೀನಿನ ಪಂಡಿತ ಹಿಡಿಸಿದ್ದ. ಸಾಯುವ ಹೊತ್ತಿನಲ್ಲೂ ಕಿಟಕಿಯಾಚೆ ಮಿನುಗುವ ಮೀನು ನೋಡಿ ಖುಷಿಪಡುತ್ತಾನಲ್ಲ, ಅಂಥವನನ್ನು ಬರೆಯಲು ಧೈರ್ಯ ಬೇಕು ಎಂದರು. ಕಪ್ತಾನನ ಮೇಲೆ ಮಾತ್ರ ಅವರಿಗೆ ಕಡುಕೋಪ. ಏನೂ ಕಾಣದಿದ್ದಾಗ ಮುಂದೆ ಹೋಗುವುದನ್ನು ಶೌರ್ಯ ಎನ್ನುತ್ತಾನೆ ಬರೆದವನು, ನಾನು ಹಾಗೆ ಕಾಣದೆ ಹಲ್ಲು ಕಿತ್ತರೆ ಜನ ನನ್ನನ್ನು ಬಿಡುತ್ತಾರಾ ಎಂದು ಕೇಳಿದರು. ಆಮೇಲೆ ತಿರುಗಿ ಕನ್ನಡಕದಂಗಡಿಯವನ ಕಡೆ ನೋಡಿದರು.

"ಒಂದು ವಿಷಯ. ನೀವು ಹೇಳಿದ್ರಲ್ಲ, ಹುಡುಗಿ ಅಂತ. ನಾನು ಎರಡು ಸಲ ಓದ್ದೆ. ಈ ಪುಸ್ತಕದಲ್ಲಿ ಹುಡುಗಿ ಇರ್ಲಿ, ಒಂದು ಹೆಣ್ಣು ಸೊಳ್ಳೆನೂ ಇಲ್ಲ."

ಅದೇ ಹೊತ್ತಿಗೆ ಶಟರಿನ ಕೆಳಗಿಂದ ಮಗಳು ಬಗ್ಗಿ ಒಳಗೆ ಬಂದಿದ್ದಳು. ಮನೆಯಲ್ಲಿ ಪರೀಕ್ಷೆಯ ಪುಸ್ತಕ ಹಿಡಿದರೆ ತಲೆಗೆ ಹತ್ತದೆ, ಸುಮ್ಮನೆ ಒಂದು ಸುತ್ತು ಹಾಕಲು ಹೊರಟವಳು ಮಾತಿನ ಸದ್ದು ಕೇಳಿ ಬಂದಿದ್ದಳು. ಡಾಕ್ಟರಮ್ಮನ ಮಾತು ಪೂರ್ತಿ ಕಿವಿಗೆ ಬಿದ್ದಿತ್ತು. ಅಪ್ಪನ ಮುಖ ನೋಡಿದಳು. ಅಪ್ಪ ಫಲಕದ ಕೊನೆಯ ಸಾಲಿನ ಸಣ್ಣಕ್ಷರಗಳನ್ನು ನೋಡುತ್ತಿದ್ದ. ಅವಳು ಗೋಡೆಗೊರಗಿ ನಿಂತಳು.

ಬೇಕರಿಯವನು ಮೃದು ಮನಸ್ಸಿನವನು. ಏನೋ ಎಡವಟ್ಟಾಗಿದೆ ಎಂದು ಅವನಿಗೆ ಗೊತ್ತಾಯಿತು. ಕುರ್ಚಿ ಹತ್ತಿ, ನನ್ನ ಪ್ರತಿಯಲ್ಲಿ ಕೆಲವು ಹಾಳೆ ಮಸುಕಾಗಿದ್ದವು, ಹುಡುಗಿ ಅಲ್ಲಿದ್ದರೂ ಇರಬಹುದು, ಇಲ್ಲದೆಯೂ ಇರಬಹುದು, ಒಟ್ಟಿನಲ್ಲಿ ನಾನಂತೂ ಅತ್ತೆ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಇಳಿದ. ಉಳಿದವನು ಇವನೊಬ್ಬನೇ.

ಬೇರೆಯವರ ಕಣ್ಣು ಪರೀಕ್ಷಿಸುತ್ತ ಕೂದಲು ನರೆತ ಮನುಷ್ಯ ಆ ಕುರ್ಚಿಯ ಮೇಲೆ ಕೂತು ಬೆವರಿದ. ಮಸುಕಾದ ಹಾಳೆಗಳ ಮಾತನ್ನೇ ಹಿಡಿದುಕೊಂಡು ಜಾರಿಕೊಳ್ಳಬಹುದಿತ್ತು. ಬೇಕರಿಯವನು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ. ಆದರೆ ಮಗಳು ಕೈಕಟ್ಟಿ ನಿಂತಿದ್ದಳು, ಅವಳ ಮುಂದೆ ಇನ್ನೊಂದು ಸುಳ್ಳು ಬಾಯಿಂದ ಹೊರಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹುಡುಗಿ ಪುಸ್ತಕದಲ್ಲಿಲ್ಲ, ಮಗು ಅಳುತ್ತಿತ್ತು, ನಾನೇ ಸೇರಿಸಿದೆ, ಸೇರಿಸಿದ್ದೂ ಮರೆತುಹೋಯಿತು ಎಂದ. ಯಾರೂ ನಗಲಿಲ್ಲ. ಮೇಷ್ಟ್ರು ಚಪ್ಪಲಿ ಹುಡುಕತೊಡಗಿದರು.

"ಹಾಗಾದ್ರೆ ನೌಕೆ?" ಮಗಳು ಕೇಳಿದಳು.

ಅವಳು ಕುರ್ಚಿ ಹತ್ತಿರಲಿಲ್ಲ, ಸರದಿಯೂ ಮುಗಿದಿತ್ತು. ಕಟ್ಟುಪಾಡಿನ ಮಾತು ಯಾರೂ ಎತ್ತಲಿಲ್ಲ.

"ಮುಳುಗುತ್ತೆ ಕಣಮ್ಮ."

"ಎಲ್ಲರೂ?"

"ಎಲ್ಲರೂ."

ಬೇಕರಿಯವನು ಒಂದು ನೆಪ ಹೇಳಿ ಎದ್ದ. ಡಾಕ್ಟರಮ್ಮ ಮಗಳ ಭುಜ ಮುಟ್ಟಿ, ಮೇಷ್ಟ್ರನ್ನೂ ಎಬ್ಬಿಸಿಕೊಂಡು ಹೊರಟುಹೋದರು. ಅಪ್ಪ ಮಗಳು ಇಬ್ಬರೇ ಉಳಿದರು. ಅವನು ಕುರ್ಚಿಯಿಂದಿಳಿದು, ನಿನ್ನ ಧೈರ್ಯ ಕೆಡಬಾರದೆಂದು ಮುಚ್ಚಿಟ್ಟೆ, ತಪ್ಪಾಯಿತು, ಆದರೆ ಆ ಹುಡುಗಿ ಸುಳ್ಳಾದರೂ ನೀನು ಸುಳ್ಳಲ್ಲ, ನಾಳೆ ಗೆದ್ದೇ ಗೆಲ್ಲುತ್ತೀಯ ಎಂದು ಏನೇನೋ ಹೇಳತೊಡಗಿದ. ಅವಳು ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ದೀಪ ಆರಿದ ಮೇಲೆ ಕಪ್ತಾನ ಏನು ಮಾಡ್ತಾನೆ?"

"ಮುಂದೆ ನಡೆಸಿ ಅಂತಾನೆ."

"ಯಾರೂ ನಿಲ್ಲಿಸಿ ಅನ್ನಲ್ವಾ?"

ಅವನು ಯೋಚಿಸಿದ. ಅನ್ನುವುದಿಲ್ಲ. ತಾನು ಹೇಳಿದ ಕಥೆಯಲ್ಲೂ ಯಾರೂ ಅನ್ನುತ್ತಿರಲಿಲ್ಲ.

ಮಗಳು ಕೆಳಗೆ, ನೆಲದ ಮೇಲೇ ಕೂತಳು. ಈವರೆಗೆ ಯಾರಿಗೂ ಹೇಳದ್ದನ್ನು ಆಗ ಹೇಳಿದಳು. ತರಬೇತಿ ಕೇಂದ್ರದಲ್ಲಿ ಒಂದು ಅಣಕು ಎಂಜಿನ್ ಕೋಣೆಯಿದೆ, ಕಿಟಕಿಯ ಜಾಗದಲ್ಲಿ ಪರದೆ. ಪರೀಕ್ಷೆಯ ನಡುವೆ ಹೇಳದೆ ಕೇಳದೆ ಎಲ್ಲವನ್ನೂ ಆರಿಸಿಬಿಡುತ್ತಾರೆ. ವೇಗದ ಮುಳ್ಳು ಸಾಯುತ್ತದೆ, ಸಿಗ್ನಲ್ ಕಾಣುವುದಿಲ್ಲ. ಆಗ ಮಾಡಬೇಕಾದದ್ದು ಒಂದೇ, ಬ್ರೇಕ್ ಹಾಕಿ ಗಾಡಿ ನಿಲ್ಲಿಸುವುದು. ಅದನ್ನು ಮೊದಲ ದಿನವೇ ಕಲಿಸುತ್ತಾರೆ, ನಿದ್ದೆಗಣ್ಣಲ್ಲಿ ಕೇಳಿದರೂ ಅವಳು ಹೇಳುತ್ತಾಳೆ.

"ಎರಡು ಸಲಾನೂ ನಾನು ನಿಲ್ಲಿಸ್ಲಿಲ್ಲ ಅಪ್ಪ. ಕತ್ತಲಾದ ಕೂಡ್ಲೇ ನನ್ನ ಕೈ ಗೋಡೆಗೆ ಹೋಗುತ್ತೆ. ನಡುಕ ಗೊತ್ತಾಗುತ್ತೆ, ನಾನು ತಗೊಂಡು ಹೋಗ್ತೀನಿ, ಎಲ್ಲರನ್ನೂ ಮನೆ ಮುಟ್ಟಿಸ್ತೀನಿ ಅನ್ಸುತ್ತೆ. ಪರೀಕ್ಷೆ ಮಾಡೋರು ಕೊನೇಲಿ ಕಾಗದ ತೋರಿಸ್ತಾರೆ, ಎಷ್ಟು ಜನ ಸತ್ರು ಅಂತ."

ಇಡೀ ವಾರ ಕನ್ನಡಕದಂಗಡಿಯವನು ಹೆದರಿದ್ದೆಲ್ಲ ತಪ್ಪು ಕಡೆಗೆ. ಕಥೆ ಮುರಿದರೆ ಮಗಳು ಬೀಳುತ್ತಾಳೆ ಎಂದು ಕಾವಲು ಕಾದಿದ್ದ. ಅವಳನ್ನು ಬೀಳಿಸಿದ್ದೇ ಆ ಕಥೆ. ಒಂದು ಮಗುವಿನ ಅಳು ನಿಲ್ಲಿಸಲು ಹೋಗಿ ಎಂಥ ಕೆಲಸ ಮಾಡಿಟ್ಟೆ ಎಂದುಕೊಂಡ. ಅವನೂ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ.

ಅವಳು, ಪುಸ್ತಕ ಎಲ್ಲಿ ಎಂದಳು. ಅವನು ಖಾನೆ ಎಳೆದು, ಫ್ರೇಮುಗಳ ಅಡಿಯಿಂದ ಅವಳ ಪ್ರತಿ ತೆಗೆದುಕೊಟ್ಟ. ಅವಳು ಅದನ್ನು ತೆಗೆದುಕೊಳ್ಳದೆ ಅವನ ಕಡೆಗೇ ತಳ್ಳಿದಳು. ದೀಪಗಳು ಆರುವ ಜಾಗದಿಂದ ಕೊನೆಯವರೆಗೆ ಓದು ಎಂದಳು. ಅವನು ಕನ್ನಡಕ ಒರೆಸಿಕೊಂಡು ಶುರು ಮಾಡಿದ. ಮುಳ್ಳುಗಳು ನಿಂತವು. ಕಪ್ತಾನ ಅಪ್ಪಣೆ ಕೊಟ್ಟ. ಅಡುಗೆಯವನು ಹೆದರಿ ಹಿಟ್ಟಿನ ಪೀಪಾಯಿಯ ಪಕ್ಕದಲ್ಲಿ ಮುದುರಿ ಕೂತ. ಅಲ್ಲಿಗೆ ಬರುತ್ತಲೇ ಅವನ ದನಿ ತಡವರಿಸಿತು. ಪಕ್ಕದಲ್ಲಿ ಮಗಳ ಉಸಿರು ಏರುತ್ತಿತ್ತು, ಅವಳ ಒಂದು ಕೈ ಆಗಲೇ ನೆಲಕ್ಕೆ ಒತ್ತಿಕೊಂಡಿತ್ತು. ಮುಂದಿನ ಸಾಲು ಕಣ್ಣೆದುರಿಗೇ ಇತ್ತು, ನಾಲಿಗೆಯ ಮೇಲೆ ಬೇರೆಯೇ ಸಾಲು ಬಂದು ನಿಂತಿತ್ತು. ಅವನು ಬಾಯಿ ತೆರೆದ.

"ಸೇರಿಸ್ಬೇಡಪ್ಪ," ಅಂದಳು ಮಗಳು. "ಇರೋದನ್ನ ಓದು."

ಅವನು ಓದಿದ. ನೌಕೆ ಬಂಡೆಗೆ ಬಡಿಯಿತು, ನೀರು ನುಗ್ಗಿತು, ಒಬ್ಬೊಬ್ಬರೇ ಸತ್ತರು. ಪೀಪಾಯಿಯೊಳಗಿಂದ ಯಾರೂ ಎದ್ದು ಬರಲಿಲ್ಲ. ಮಗಳು ಅತ್ತಳು, ಚಿಕ್ಕವಳಿದ್ದಾಗ ಅತ್ತಂತೆಯೇ, ಬಿಕ್ಕಿ ಬಿಕ್ಕಿ. ಅವನು ಈ ಸಲ ತಾಳು ಎನ್ನಲಿಲ್ಲ, ಕಥೆ ಇನ್ನೂ ಇದೆ ಎನ್ನಲಿಲ್ಲ. ಕೊನೆಯ ಸಾಲಿನವರೆಗೂ ಓದಿ ಮುಗಿಸಿ, ಅವಳನ್ನು ಅಳಲು ಬಿಟ್ಟ.