ಜನರೇಟರಿನ ರಗ್ಗು

ರಗ್ಗು ಸಿಕ್ಕಿತು. ಮನೆಯೆಲ್ಲ ಜಾಲಾಡಿದರೂ ಕಾಣದಿದ್ದ ತಮ್ಮ ಹಳೇ ರಗ್ಗು ಜನರೇಟರ್ ಶೆಡ್ಡಿನ ಮೂಲೆಯಲ್ಲಿ ಕಂಡಾಗ ಅತ್ತೆಗೆ ಸಿಟ್ಟಿಗಿಂತ ಹೆಚ್ಚಾಗಿ ಸಮಾಧಾನವೇ ಆಯಿತು. ತಮ್ಮ ಅನುಮಾನ ಸುಳ್ಳಾಗಲಿಲ್ಲವಲ್ಲ! ರಗ್ಗಿನ ಪಕ್ಕದಲ್ಲೊಂದು ಸ್ಟೂಲು. ಗೋಡೆಯ ಪ್ಲಗ್ಗಿನಿಂದ ಇಂಜಿನ್ನಿನ ಹಿಂದಕ್ಕೆ ಹೋದ ದಪ್ಪ ತಂತಿ. ಹೊರಗೆ ಬೆಟ್ಟದೂರಿನ ಚಳಿ ಕೊರೆಯುತ್ತಿದ್ದರೆ ಇಲ್ಲಿ ಬೆಚ್ಚಗಿತ್ತು.

"ಕೂತ್ಕೊಳ್ಳೋಕೆ ಎಷ್ಟು ಚೆನ್ನಾಗಿ ಏರ್ಪಾಡು ಮಾಡ್ಕೊಂಡಿದ್ದಾಳೆ ಮಹಾರಾಯ್ತಿ!"

ಮನೆಯ ಹಿಂದಿನ ಕಟ್ಟಡದಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಯಂತ್ರಗಳಿದ್ದವು. ಮರಿ ಮಾರುವುದು ಮಗನ ಕೆಲಸ. ಕರೆಂಟು ಹೋದಾಗ ಜನರೇಟರ್ ಓಡಿಸುವುದು ಸೊಸೆಯದು. ಚಳಿ ಶುರುವಾದ ಮೇಲೆ ಅವಳು ಸಂಜೆ ಶೆಡ್ಡಿಗೆ ಹೋದರೆ ಬೇಗ ಬರುತ್ತಲೇ ಇರಲಿಲ್ಲ. ಒಳಗಿಂದ ಪಿಸುಪಿಸು ಮಾತು. ಕೇಳಿದರೆ "ಮಿಷಿನ್ ನೋಡ್ಕೊಂಡ್ ಬಂದೆ ಅತ್ತೆ" ಎನ್ನುತ್ತಿದ್ದಳು. ದಿನಾ ನೋಡಿಕೊಳ್ಳಲು ಅದೇನು ತೊಟ್ಟಿಲ ಕೂಸೇ? ತವರಿಗೆ ಫೋನು ಮಾಡಿ ಚಾಡಿ ಹೇಳುತ್ತಾಳೆ, ಮಗನನ್ನು ಕಟ್ಟಿಕೊಂಡು ಬೇರೆ ಮನೆ ಮಾಡಲು ಹೊಂಚು ಹಾಕುತ್ತಿದ್ದಾಳೆ ಎಂದು ಅತ್ತೆ ತೀರ್ಮಾನಿಸಿಬಿಟ್ಟಿದ್ದರು. ಮಗ ಕೈತಪ್ಪಿದರೆ ತನಗೆ ಯಾರಿದ್ದಾರೆ ಎಂಬ ಭಯಕ್ಕೆ ಅನ್ನವೂ ಸೇರುತ್ತಿರಲಿಲ್ಲ. ಇವತ್ತು ರಾತ್ರಿ ಸೊಸೆ ಶೆಡ್ಡಿನಿಂದ ಬಂದು ಸ್ನಾನಕ್ಕೆ ಹೋದದ್ದೇ ತಡ, ಅಡುಗೆಮನೆಯಲ್ಲಿದ್ದ ಬೀಗದ ಕೈ ತೆಗೆದುಕೊಂಡು ಬಂದಿದ್ದರು.

ಅತ್ತೆ ಪ್ಲಗ್ಗು ಕಿತ್ತರು. ತಂತಿಯನ್ನು ನೀಟಾಗಿ ಸುತ್ತಿ, ಗಂಟು ಹಾಕಿ, ಮೊಳೆಗೆ ತೂಗುಹಾಕಿದರು. ಏನೋ ಕರೀ ಡಬ್ಬಿಗೆ ಸುತ್ತಿದ್ದ ರಗ್ಗನ್ನು ಬಿಚ್ಚಿ, ಕೊಡವಿ, ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಬೆಳಿಗ್ಗೆ ಅಂಗಳದ ಬಕೆಟ್ಟಿನ ನೀರು ಮೇಲೆಲ್ಲ ಗಟ್ಟಿಯಾಗಿತ್ತು. ಮೊಟ್ಟೆಗಳು ಒಡೆಯುವ ದಿನ ಅದು; ಚಿಪ್ಪಿನೊಳಗಿನ ಚಿಂವ್ ಚಿಂವ್ ಆಗಲೇ ಕೇಳಿಸುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಸೊಸೆ ಓಡಿಹೋಗಿ ಕೀಲಿ ತಿರುಗಿಸಿದಳು. ಇಂಜಿನ್ನು ಕೊರ್ ಎಂದು ನರಳಿ ಸುಮ್ಮನಾಯಿತು. ಮತ್ತೆ ತಿರುಗಿಸಿದಳು. ಈ ಸಲ ನರಳಲೂ ಇಲ್ಲ.

"ಹೀಟರ್ ಹಾಕಿರ್ಲಿಲ್ವಾ?" ಮಗ ಕೂಗಿದ. "ರಾತ್ರಿಯಿಡೀ ಇಂಜಿನ್ನು ಬೆಚ್ಚಗಿರ್ಬೇಕು, ಬ್ಯಾಟ್ರಿಗೆ ಏನಾದ್ರೂ ಹೊದಿಸು ಅಂತ ಎಷ್ಟು ಸಲ ಬಡ್ಕೊಂಡಿದೀನಿ! ಡೀಸೆಲ್ ತುಪ್ಪದ ಥರ ಗಟ್ಟಿಯಾಗಿರುತ್ತೆ ಈಗ!"

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಸೊಸೆ ಮೊಳೆಯ ಕಡೆ ನೋಡಿದಳು. ಬಟ್ಟೆ ಒಣಹಾಕುವ ಹಗ್ಗಕ್ಕೆ ಅತ್ತೆ ಹಾಕುವಂಥದೇ ಗಂಟು. ಆಮೇಲೆ ಅತ್ತೆಯ ಕಡೆ ನೋಡಿದಳು.

"ಮರ್ತ್ಬಿಟ್ಟೆ" ಎಂದಳು.

ಅತ್ತೆ ಒಡೆದದ್ದು ಒಡಕು ಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ ಎನ್ನುತ್ತಾರೆ. ಇಲ್ಲಿ ಅತ್ತೆ ಒಡೆದ ಹೊಸ ಮಡಕೆಯನ್ನು ಸೊಸೆ ತನ್ನದೆಂದು ಎತ್ತಿಕೊಂಡಿದ್ದಳು. ಅತ್ತೆ ನೀರು ಕಾಯಿಸಲು ಒಳಗೆ ನಡೆದರು.

ಕಾರಿನ ಬ್ಯಾಟರಿ ತಂದು ಜೋಡಿಸಿದರು. ಡೀಸೆಲ್ ಫಿಲ್ಟರಿನ ಮೇಲೆ ಚೊಂಬಿನಿಂದ ಬಿಸಿನೀರು ಹೊಯ್ದು ಹೊಯ್ದು ಸೊಸೆಯ ಕೈ ಕೆಂಪಾಯಿತು. ಇಂಜಿನ್ನು ಎದ್ದು ಬಿಳೀ ಹೊಗೆ ಉಗುಳುವಷ್ಟರಲ್ಲಿ ಕಾವಿನ ಯಂತ್ರದ ಕೆಳಗಿನ ತಟ್ಟೆಗಳಲ್ಲಿ ಮರಿಗಳ ಸದ್ದು ನಿಂತುಹೋಗಿತ್ತು. ಮಗ ಚಿಪ್ಪೊಂದನ್ನು ಬಿಡಿಸಿ ನೋಡಿ, ಹಾಗೆಯೇ ಇಟ್ಟ. ಹೆಂಡತಿಯ ಮುಂದೆ ಕೈ ಚಾಚಿ ಶೆಡ್ಡಿನ ಬೀಗದ ಕೈ ಈಸಿಕೊಂಡ.

"ಇನ್ಮೇಲೆ ಇದು ಅಮ್ಮನ ಹತ್ರ ಇರ್ಲಿ."

ಎಷ್ಟು ದಿನದಿಂದ ಬಯಸಿದ್ದು ತಾನಾಗಿ ಕೈಗೆ ಬಂದರೂ ಅತ್ತೆಗೆ ಹಗಲೆಲ್ಲ ಚಡಪಡಿಕೆ. ಇವಳು ಯಾಕೆ ಹೇಳಲಿಲ್ಲ? ಒಳ್ಳೆಯತನವೇ? ಈ ಕಾಲದಲ್ಲಿ ಪುಕ್ಕಟೆ ಒಳ್ಳೆಯತನವನ್ನು ಯಾರು ಕೊಡುತ್ತಾರೆ? ಇದರಲ್ಲೇನೋ ಮಸಲತ್ತಿದೆ.

ಸಂಜೆ ಇಬ್ಬರೂ ಶೆಡ್ಡಿಗೆ ಹೋದರು. ಅತ್ತೆ ಬೀಗ ತೆಗೆದರು, ರಗ್ಗನ್ನು ತಾವೇ ಬ್ಯಾಟರಿಗೆ ಸುತ್ತಿದರು. ಸೊಸೆ ಸ್ಟೂಲಿನ ಮೇಲೆ ಹತ್ತಿ ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟಳು. "ಡೀಸೆಲ್ ಇದೆ... ನೀರು ಸರಿಯಾಗಿದೆ... ಆಯಿಲ್ ಸರಿಯಾಗಿದೆ..." ಎಂದು ತನಗೆ ತಾನೇ ಪಿಸುಗುಟ್ಟುತ್ತ ಒಂದೊಂದನ್ನೇ ಮುಟ್ಟಿ ನೋಡಿದಳು. ಅಷ್ಟು ದಿನ ಕೇಳಿಸಿದ್ದ ಮಾತು ಇದೇ. ಅತ್ತೆಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಸಿಟ್ಟೂ ಬಂತು.

"ಅವನಿಗೆ ಯಾಕೆ ಹೇಳ್ಲಿಲ್ಲ ನೀನು? ಏನಿದೆ ನಿನ್ನ ಮನಸ್ಸಲ್ಲಿ?"

ಸೊಸೆ ಪ್ಲಗ್ಗು ಸಿಕ್ಕಿಸಿದಳು. "ಹೇಳಿದ್ರೆ ನೀವು ಇಲ್ಲ ಅಂತಿದ್ರಿ ಅತ್ತೆ. ಅವರು ನಿಮ್ಮನ್ನೇ ನಂಬ್ತಿದ್ರು. ಅದನ್ನ ನಾನು ನೋಡೋಕೆ ತಯಾರಿರ್ಲಿಲ್ಲ."

ಇಲ್ಲ ಎನ್ನುತ್ತಿದ್ದೆ ಎಂಬುದು ಅತ್ತೆಗೂ ಗೊತ್ತಿತ್ತು.

ಹೊರಗೆ ಅಂಗಳದಲ್ಲಿ ಮಗನ ಚಪ್ಪಲಿ ಸದ್ದಾಯಿತು. ಒಳಗೆ ಬರದೆ ಅಲ್ಲಿಂದಲೇ ಕೂಗಿದ.

"ಅಮ್ಮಾ, ಹೀಟರ್ ಹಾಕಿದ್ಲಾ ಅವಳು? ನೀನೇ ಕಣ್ಣಾರೆ ನೋಡಿದ್ಯಾ?"

ಅತ್ತೆ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು ನಿಂತರು. ಸೊಸೆ ತಿರುಗಿ ನೋಡಲಿಲ್ಲ. ಇಂಜಿನ್ನಿನ ಮೇಲೆ ಅಂಗೈ ಇಟ್ಟು, ಬಿಸಿ ಹತ್ತುತ್ತಿದೆಯೇ ಎಂದು ನೋಡುತ್ತಿದ್ದಳು.