ನಮಗೇನೂ ಬೇಡ

ಭಾನುವಾರ ಬೆಳಿಗ್ಗೆ ಸಿಂಗಪುರದ ಯಿಶುನ್‌ನ ಆ ಫ್ಲ್ಯಾಟಿನಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಅತ್ತೆಯ ಸ್ನಾನ. ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ ಅವರನ್ನು ಎಬ್ಬಿಸಿ, ಗಾಲಿಕುರ್ಚಿಯಲ್ಲಿ ಕೂರಿಸಿ, ಬಚ್ಚಲಿಗೆ ಕರೆದೊಯ್ಯುವುದೆಲ್ಲ ಜಯಾಳ ಪಾಲಿಗೇ ಬಂದಿತ್ತು. ಅಷ್ಟರಲ್ಲಿ ಗಂಡ ಸುಭಾಷ್ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಆರಾಧನೆಗೆ ಸಿದ್ಧನಾಗಿರುತ್ತಿದ್ದ. ಅಲ್ಲಿನ ಕನ್ನಡ ಕ್ರೈಸ್ತ ಸಭೆಯ ಹಿರಿಯರಲ್ಲಿ ಅವನೂ ಒಬ್ಬ. ಯಾರ ಮನೆಯಲ್ಲಿ ಕಾಯಿಲೆ, ಎಲ್ಲಿ ಹೆರಿಗೆ ಎಂದು ತಿಳಿದರೆ ಸಾಕು, ಊಟದ ಕ್ಯಾರಿಯರ್ ಹಿಡಿದು ಹೊರಟುಬಿಡುತ್ತಿದ್ದ. ಕ್ಯಾರಿಯರ್ ತುಂಬುತ್ತಿದ್ದವಳು ಜಯಾ.

ಆದರೆ ತನ್ನ ಮನೆಗೆ ಇನ್ನೊಬ್ಬರ ಕ್ಯಾರಿಯರ್ ಬರುವುದನ್ನು ಅವನು ಸಹಿಸುತ್ತಿರಲಿಲ್ಲ. ಕೊಡುವವರು ದೇವರಿಗೆ ಹತ್ತಿರದವರು, ಕೈಯೊಡ್ಡುವವರ ವಿಶ್ವಾಸದಲ್ಲಿ ಏನೋ ಊನ ಎಂದು ಅವನ ಅಪ್ಪ ಕಲಿಸಿದ್ದರು. ಆ ಸಭೆಯಲ್ಲಿ ಇದು ಅವನೊಬ್ಬನ ಹಟವೂ ಆಗಿರಲಿಲ್ಲ. ಯಾವುದಕ್ಕಾಗಿ ಪ್ರಾರ್ಥಿಸಬೇಕೆಂದು ಪಾಸ್ಟರ್ ಕೇಳಿದಾಗ ಎಲ್ಲರೂ ಮಕ್ಕಳ ಪರೀಕ್ಷೆ, ಇಲ್ಲಿ ಕೆಲಸ ಮಾಡಲು ಬೇಕಾದ ವರ್ಕ್ ಪಾಸ್ ಎನ್ನುತ್ತಿದ್ದರೇ ಹೊರತು ಮನೆಯೊಳಗಿನ ನೋವನ್ನು ಯಾರೂ ಬಾಯಿಬಿಡುತ್ತಿರಲಿಲ್ಲ. ದೇವರ ದಯೆಯಿಂದ ಚೆನ್ನಾಗಿದ್ದೀವಿ ಎಂದು ನಕ್ಕು ಮನೆಗೆ ಹೋಗುತ್ತಿದ್ದರು.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ವುಡ್‌ಲ್ಯಾಂಡ್ಸ್‌ನಲ್ಲಿದ್ದ ಇಂದು ಎಂಬವಳು, ಗಾಲಿಕುರ್ಚಿಯಲ್ಲಿ ಅತ್ತೆಯನ್ನೂ ಕರೆತಂದಿದ್ದ ಜಯಾಳ ಬಳಿ ಬಂದಳು.

"ಜಯಕ್ಕ, ಬುಧವಾರ ನಂಗೆ ಆಫ್. ನಾನು ಬಂದು ಅಜ್ಜಿಗೆ ಸ್ನಾನ ಮಾಡಿಸ್ತೀನಿ. ನೀವು ಸ್ವಲ್ಪ ಮಲ್ಕೊಳ್ಳಿ."

ಜಯಾ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಸುಭಾಷ್ ನಗುತ್ತಾ ಹೇಳಿದ: "ಥ್ಯಾಂಕ್ಸ್ ಸಿಸ್ಟರ್, ನಮಗೇನೂ ಬೇಡ. ದೇವರು ಜಯಾಗೆ ಶಕ್ತಿ ಕೊಟ್ಟಿದ್ದಾನೆ."

ಮನೆಗೆ ಬಂದ ಮೇಲೆ ಅವಳು ಸುಮ್ಮನಿರಲಿಲ್ಲ. ಪರರ ಭಾರ ಹೊರಬೇಕೆಂದು ಹೋದ ತಿಂಗಳಷ್ಟೇ ನೀವೇ ಪ್ರಸಂಗ ಮಾಡಿದ್ದಿರಲ್ಲ, ನಮ್ಮ ಭಾರವನ್ನು ಇನ್ನೊಬ್ಬರು ಹೊತ್ತರೆ ತಪ್ಪೇನು ಎಂದು ಕೇಳಿದಳು.

"ಅಮ್ಮನ್ನ ಆ ಸ್ಥಿತೀಲಿ ಹೊರಗಿನವರು ನೋಡ್ಬೇಕಾ? ಆಮೇಲೆ ನಾನು ಯಾವ ಮುಖ ಇಟ್ಕೊಂಡು ಅಲ್ಲಿ ನಿಂತು ಮಾತಾಡ್ಲಿ?"

"ಹಾಗಾದ್ರೆ ನೀವೇ ಒಂದು ಕಡೆ ಹಿಡ್ಕೊಳ್ಳಿ ರೀ."

ಗಂಡುಮಗ ತಾಯಿಯನ್ನು ಹಾಗೆ ನೋಡಬಾರದು ಎಂದು ಅವನು ಎದ್ದು ಹೋದ. ಮನೆಗೆಲಸದವಳನ್ನು ಇಟ್ಟುಕೊಳ್ಳುವ ಮಾತಿಗೂ ಹೊರಗಿನವರು ಬೇಡ ಎಂಬ ಉತ್ತರವೇ ಬಂತು. ಜಯಾ ನೋಯುವ ನಡುವಿಗೆ ಬೆಲ್ಟ್ ಬಿಗಿದುಕೊಂಡು ಅತ್ತೆಯನ್ನು ಎತ್ತತೊಡಗಿದಳು. ಮತ್ತೆ ಮತ್ತೆ ಫೋನ್ ಮಾಡುತ್ತಿದ್ದ ಇಂದುಗೆ ಚೆನ್ನಾಗಿದ್ದೀವಿ ಎನ್ನುವುದು ಅವಳ ನಾಲಿಗೆಗೂ ರೂಢಿಯಾಯಿತು.

ಅದೊಂದು ಶನಿವಾರ ಮಧ್ಯಾಹ್ನ ಸುಭಾಷ್ ಆಪರೇಷನ್ ಆದವರೊಬ್ಬರಿಗೆ ಅನ್ನ, ಸಾರು ಕೊಡಲು ಜುರಾಂಗ್ ಈಸ್ಟ್‌ಗೆ ಹೋಗಿದ್ದ. ಬಚ್ಚಲಿನಲ್ಲಿ ಅತ್ತೆಯನ್ನು ಎತ್ತುವಾಗ ಜಯಾಳ ಬೆನ್ನು ಹಿಡಿದುಕೊಂಡಿತು. ಇಬ್ಬರೂ ಒಟ್ಟಿಗೇ ಬಿದ್ದರು. ಮುದುಕಿಯ ತಲೆ ಹೊಸ್ತಿಲ ಅಂಚಿಗೆ ಬಡಿಯಿತು. ಮುಂಗೈ ಮುರಿದ ಜಯಾಳಿಗೆ ಏಳಲಾಗಲಿಲ್ಲ, ಫೋನು ಅಡುಗೆಮನೆಯಲ್ಲಿತ್ತು. ಅವಳು ಕೂಗಿದಳು. ಯಾರೂ ಬರಲಿಲ್ಲ. ಸುಭಾಷ್ ಖಾಲಿ ಕ್ಯಾರಿಯರ್ ಹಿಡಿದು ಬರುವವರೆಗೂ ಅವಳು ಅತ್ತೆಯ ಕೈ ಹಿಡಿದು ಒದ್ದೆ ನೆಲದ ಮೇಲೆ ಬಿದ್ದಿದ್ದಳು. ಆಸ್ಪತ್ರೆಗೆ ಸೇರಿಸಿದ ಸ್ವಲ್ಪ ಹೊತ್ತಿಗೇ ಅತ್ತೆ ತೀರಿಕೊಂಡರು.

ಅವರದೇ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯಲ್ಲಿ ಶವಪೆಟ್ಟಿಗೆ ಇಟ್ಟರು. ಸಭೆಗೆ ಸಭೆಯೇ ಬಂದು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿತ್ತು. ಸುಭಾಷ್ ಎದ್ದು ಮಾತಾಡಿದ. ತಾಯಿಯನ್ನು ತನ್ನ ಹೆಂಡತಿ ಒಬ್ಬಳೇ ನೋಡಿಕೊಂಡಳು, ಒಂದು ದಿನವೂ ಯಾರಿಗೂ ತೊಂದರೆ ಕೊಡಲಿಲ್ಲ, ದೇವರಿಗೆ ಸ್ತೋತ್ರ ಎಂದ. ಕೆಲವರು ಆಮೆನ್ ಎಂದರು.

ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಜಯಾ ಎದ್ದು ನಿಂತಳು.

"ಇದಕ್ಕೆ ಸ್ತೋತ್ರ ಬೇಡ. ಅತ್ತೆ ನನ್ನ ಕೈಯಿಂದ ಜಾರಿ ಬಿದ್ರು. ಇನ್ನೊಬ್ರು ಹಿಡಿದಿದ್ರೆ ಬೀಳ್ತಿರಲಿಲ್ಲ. ಹಿಡೀತೀನಿ ಅಂತ ಬಂದವರನ್ನ ನಾವು ವಾಪಸ್ ಕಳಿಸಿದ್ವಿ. ನಾನೂ ಚೆನ್ನಾಗಿದ್ದೀವಿ ಅಂತ ಸುಳ್ಳು ಹೇಳ್ದೆ."

"ಕೂತ್ಕೋ ಜಯಾ," ಎಂದ ಸುಭಾಷ್ ಮೆಲ್ಲಗೆ.

ಅವಳು ಕೂರಲಿಲ್ಲ. "ನಂಗೆ ಈಗ ಒಂದು ಲೋಟ ಎತ್ತೋಕೂ ಆಗಲ್ಲ. ನಾಳೆಯಿಂದ ಯಾರಾದ್ರೂ ಮನೆಗೆ ಬರ್ತೀರಾ?"

ಇಂದು ತಕ್ಷಣ ಎದ್ದು ಅವಳ ಪಕ್ಕ ಬಂದು ನಿಂತಳು. ಬೇರೆಯವರು ತಲೆ ತಗ್ಗಿಸಿದ್ದರು. ಹಾಡು ಶುರು ಮಾಡಲೆಂದು ಪಾಸ್ಟರ್ ಎದ್ದಾಗ ಹಿಂದಿನ ಸಾಲಿನಿಂದ ಅಮೂಲ್ಯಾ ಎಂಬ ಹುಡುಗಿ, ಹೊಸದಾಗಿ ಮದುವೆಯಾಗಿ ಬಂದವಳು, ಎದ್ದು ಹೇಳಿದಳು: "ಜಯಾ ಆಂಟಿ, ನಮ್ಮನೇಲಿ ಇವರು ಕುಡಿದು ಬಂದು ಹೊಡೀತಾರೆ. ನಮ್ಮನೆಗೂ ಯಾರಾದ್ರೂ ಬರ್ಬೇಕು."

ಪಾಸ್ಟರ್ ಹಾಡು ಶುರು ಮಾಡಲಿಲ್ಲ.